ಸತ್ತ ಪ್ರಾಣಿಯ ಸಾಕ್ಷ್ಯ
ಪಶುವೈದ್ಯ ವಿದ್ಯಾರ್ಥಿಗಳ ರೋಗಶಾಸ್ತ್ರ ಸಂಘವೂ ಅದರ ಹಿಂದಿರುವ ವಿಜ್ಞಾನವೂ

2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕೋಳಿಗಳೂ ಕೆಲವು ಹಕ್ಕಿಗಳೂ ಸತ್ತುವು. ವಿಜಯನಗರದ ಬಡಾವಣೆಯಿಂದ ಅಲ್ಲಿಗೆ ಹೆಚ್ಚು ದೂರವಿಲ್ಲ. ಸತ್ತ ಹಕ್ಕಿಗಳಿಂದ ತೆಗೆದ ಮಾದರಿಗಳು ಭೋಪಾಲದ ಉನ್ನತ ಭದ್ರತಾ ಪಶುರೋಗ ಸಂಸ್ಥೆಗೆ ಹೋದುವು; ಅಲ್ಲಿಂದ ಬಂದ ಉತ್ತರ ಹಕ್ಕಿಜ್ವರವೆಂದಿತು. ಕೂಡಲೆ ಸುತ್ತಲಿನ ಸಾಕುಕೋಳಿಗಳನ್ನೆಲ್ಲ ಕೊಲ್ಲಬೇಕಾಯಿತು. ಇದಕ್ಕೆ ಮೂರು ವರ್ಷ ಹಿಂದೆ, 2017ರ ಜನವರಿಯಲ್ಲಿ, ಇದೇ ಬಗೆಯ ಇನ್ನೊಂದು ರೋಗಾಣುವಿನ ಕಾರಣದಿಂದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಿದ್ದರು.

ಈ ಎರಡು ಸಂದರ್ಭಗಳಲ್ಲಿಯೂ ನಡೆದುದೇನೆಂಬುದನ್ನು ವಾಚಕರು ಗಮನಿಸಬೇಕು. ಬದುಕಿದ್ದ ಮನುಷ್ಯರಿಗೆ ಎಚ್ಚರಿಕೆ ಕೊಟ್ಟದ್ದು ಸತ್ತ ಹಕ್ಕಿ. ಸತ್ತ ಪ್ರಾಣಿ ಮಾತನಾಡುವುದಿಲ್ಲ. ಆದರೆ ಅದನ್ನು ಕ್ರಮವಾಗಿ ಪರೀಕ್ಷಿಸಬಲ್ಲವರಿಗೆ ಅದರ ಸಾಕ್ಷ್ಯ ದೊರೆಯುತ್ತದೆ. ಆ ಸಾಕ್ಷ್ಯವನ್ನು ಓದುವ ವಿದ್ಯೆಗೆ ರೋಗಶಾಸ್ತ್ರವೆಂದು ಹೆಸರು. ಪಶುವೈದ್ಯ ಕಾಲೇಜುಗಳ ವಿದ್ಯಾರ್ಥಿಗಳು ಈ ವಿದ್ಯೆಯನ್ನು ತರಗತಿಯಲ್ಲಿ ಕಲಿಯುವುದಲ್ಲದೆ, ಅನೇಕ ದೇಶಗಳಲ್ಲಿ ತಮ್ಮ ತಮ್ಮೊಳಗೆ ಸಂಘಗಳನ್ನು ಕಟ್ಟಿಕೊಂಡು, ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಸೇರಿ ಅಭ್ಯಾಸ ಮಾಡುತ್ತಾರೆ. ಇಂತಹ ಸಂಘದಲ್ಲಿ ಏನು ನಡೆಯುತ್ತದೆ, ಅಲ್ಲಿನ ಒಂದೊಂದು ಕೆಲಸದ ಹಿಂದೆಯೂ ಯಾವ ವಿಜ್ಞಾನತತ್ತ್ವವಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ನಾವು ಭೌತಶಾಸ್ತ್ರವನ್ನು ಬೋಧಿಸುವವರು, ಪಶುವೈದ್ಯರಲ್ಲ. ಆದರೂ ರೋಗಶಾಸ್ತ್ರಜ್ಞನ ಮೇಜಿನ ಮೇಲೆ ಭೌತಶಾಸ್ತ್ರದ ನಿಯಮಗಳು ಎಷ್ಟು ಕೆಲಸ ಮಾಡುತ್ತಿವೆಯೆಂಬುದನ್ನು ನೋಡಿದರೆ, ನಮ್ಮ ಪ್ರವೇಶಕ್ಕೆ ಕ್ಷಮೆ ದೊರೆಯಬಹುದು.

ಸ್ವಲ್ಪ ಇತಿಹಾಸ

1761ನೆಯ ವರ್ಷ ಈ ಶಾಸ್ತ್ರದ ಇತಿಹಾಸದಲ್ಲಿ ಎರಡು ಕಾರಣಗಳಿಂದ ನೆನಪಿಡತಕ್ಕದ್ದು. ಆ ವರ್ಷ ಇಟಲಿಯ ಮೊರ್ಗಾನ್ಯಿ ಎಂಬ ವೈದ್ಯನು ನೂರಾರು ಶವಪರೀಕ್ಷೆಗಳ ಫಲವಾಗಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿ, ರೋಗಕ್ಕೆ ದೇಹದ ಯಾವುದಾದರೊಂದು ಅಂಗದಲ್ಲಿ ನೆಲೆಯುಂಟೆಂದು ತೋರಿಸಿದನು. ಅದೇ ವರ್ಷ ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಕ್ಲೋದ್ ಬುರ್ಜಲಾ ಎಂಬವನು ಪ್ರಪಂಚದ ಮೊದಲನೆಯ ಪಶುವೈದ್ಯ ಶಾಲೆಗೆ ತಳಹದಿ ಹಾಕಿದನು. ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗವು ಆ ಶಾಲೆಯ ಹುಟ್ಟಿಗೆ ಒಂದು ಮುಖ್ಯ ಕಾರಣ.

ಮುಂದಿನ ಶತಮಾನದಲ್ಲಿ, 1858ರಲ್ಲಿ, ಜರ್ಮನಿಯ ರುಡಾಲ್ಫ್ ವಿರ್ಖೋ ರೋಗದ ನೆಲೆಯನ್ನು ಅಂಗದಿಂದ ಜೀವಕೋಶಕ್ಕೆ ಇಳಿಸಿದನು. ಮನುಷ್ಯವೈದ್ಯಕ್ಕೂ ಪಶುವೈದ್ಯಕ್ಕೂ ನಡುವೆ ಗೆರೆ ಎಳೆಯಲಾಗದೆಂಬುದು ಆತನ ದೃಢವಾದ ಅಭಿಪ್ರಾಯ. ಆತನ ಪ್ರಯೋಗಶಾಲೆಯನ್ನು ನೋಡಿ ಬಂದ ಕೆನಡಾ ದೇಶದ ವಿಲಿಯಂ ಆಸ್ಲರ್ ಮುಂದೆ ಮನುಷ್ಯವೈದ್ಯದಲ್ಲಿ ಜಗತ್ಪ್ರಸಿದ್ಧನಾದನು. ಆದರೆ ಆತನು ತನ್ನ ಎಳೆಯ ವಯಸ್ಸಿನಲ್ಲಿ ಮಾಂಟ್ರಿಯಲ್ ನಗರದ ಪಶುವೈದ್ಯ ಶಾಲೆಯ ವಿದ್ಯಾರ್ಥಿಗಳಿಗೂ ಪಾಠ ಹೇಳುತ್ತಿದ್ದನು, ಅಲ್ಲಿನ ಪಶುವೈದ್ಯ ಸಂಘದ ಸಭೆಗಳಲ್ಲಿ ಭಾಗವಹಿಸುತ್ತಿದ್ದನು. ನಾಯಿಮರಿಗಳ ಶ್ವಾಸನಾಳದಲ್ಲಿ ಗಂಟುಗಳನ್ನುಂಟುಮಾಡುವ ಒಂದು ಹುಳುವನ್ನು ಆತನು 1877ರಲ್ಲಿ ವರ್ಣಿಸಿದನು. ಆ ಹುಳುವಿಗೆ ಇಂದಿಗೂ ಆಸ್ಲರನ ಹೆಸರೇ ಇದೆ.

ನಮ್ಮ ನಾಡಿನಲ್ಲಿ ಪಶುವೈದ್ಯ ಕಾಲೇಜು ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾಯಿತು. ಅನಂತರ ಬೀದರ್, ಶಿವಮೊಗ್ಗ, ಹಾಸನ ಮೊದಲಾದ ಊರುಗಳಲ್ಲಿಯೂ ಕಾಲೇಜುಗಳು ಹುಟ್ಟಿಕೊಂಡವು. ಇವುಗಳಲ್ಲೆಲ್ಲ ರೋಗಶಾಸ್ತ್ರವು ಒಂದು ಕಡ್ಡಾಯ ವಿಷಯ.

ಸಂಘದ ಸಭೆ

ರೋಗಶಾಸ್ತ್ರ ಸಂಘದ ಒಂದು ಸಭೆಯನ್ನು ಕಲ್ಪಿಸಿಕೊಳ್ಳೋಣ. ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳು ಸೇರಿದ್ದಾರೆ. ಒಬ್ಬನು ಆ ದಿನದ ಪ್ರಕರಣವನ್ನು ತಂದಿದ್ದಾನೆ: ಒಂದು ಪೆಟ್ಟಿಗೆ ಗಾಜಿನ ಫಲಕಗಳು, ಕೆಲವು ಛಾಯಾಚಿತ್ರಗಳು, ಪ್ರಾಣಿಯ ವಯಸ್ಸು, ತಳಿ, ಎಷ್ಟು ದಿನದ ಕಾಯಿಲೆ, ಮಂದೆಯಲ್ಲಿ ಇನ್ನೆಷ್ಟು ಪ್ರಾಣಿಗಳಿಗೆ ತಗಲಿದೆ ಎಂಬ ವಿವರ. ರೋಗದ ಹೆಸರನ್ನು ಮಾತ್ರ ಆತನು ಹೇಳುವುದಿಲ್ಲ. ಉಳಿದವರು ಸರದಿಯಂತೆ ಕಂಡದ್ದನ್ನು ಕಂಡ ಹಾಗೆ ವರ್ಣಿಸಬೇಕು: ಬದಲಾವಣೆ ಯಾವ ಅಂಗದಲ್ಲಿದೆ? ಅಂಗದ ಯಾವ ಭಾಗದಲ್ಲಿ? ಒಂದೆಡೆಯೋ, ಹಲವೆಡೆಯೋ, ಎಲ್ಲೆಲ್ಲಿಯೂ ಹರಡಿದೆಯೋ? ಬಣ್ಣವೇನು? ಅಳತೆ ಎಷ್ಟು ಮಿಲಿಮೀಟರ್? ಅಂಚು ಸ್ಪಷ್ಟವೋ ಅಸ್ಪಷ್ಟವೋ? ಮುಟ್ಟಿದರೆ ಮೆತ್ತಗೋ, ಗಟ್ಟಿಯೋ, ಕೊಯ್ದರೆ ಕರಕರ ಎನ್ನುತ್ತದೆಯೋ?

ವರ್ಣನೆ ಮುಗಿಯುವವರೆಗೆ ರೋಗದ ಹೆಸರನ್ನು ಎತ್ತಕೂಡದೆಂಬುದು ಇಂತಹ ಸಭೆಯ ಮೊದಲನೆಯ ಶಿಸ್ತು. ಇದೇಕೆ? ಹೆಸರು ಒಮ್ಮೆ ಬಾಯಿಗೆ ಬಂದರೆ ಕಣ್ಣು ಆ ಹೆಸರಿಗೆ ಹೊಂದುವುದನ್ನಷ್ಟೇ ನೋಡತೊಡಗುತ್ತದೆ. ಹೊಂದದಿರುವುದು ಎದುರಿಗೇ ಇದ್ದರೂ ಕಾಣುವುದಿಲ್ಲ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಉತ್ತರವನ್ನು ಮೊದಲೇ ಪುಸ್ತಕದಲ್ಲಿ ನೋಡಿಕೊಂಡ ವಿದ್ಯಾರ್ಥಿಯ ಅಳತೆಗಳೆಲ್ಲ ಆಶ್ಚರ್ಯಕರವಾಗಿ ಆ ಉತ್ತರದ ಸುತ್ತಲೇ ಬಂದು ಕೂರುವುದನ್ನು ನಾವು ಕಂಡಿದ್ದೇವೆ. ಕಾಯಿಲೆ ಬೇರೆ, ಲೋಲಕ ಬೇರೆ; ಮನಸ್ಸಿನ ಸ್ವಭಾವ ಒಂದೇ.

ವರ್ಣನೆಯಾದ ಮೇಲೆ ಸಾಧ್ಯವಾದ ರೋಗಗಳ ಪಟ್ಟಿ; ಆಮೇಲೆ, ಆ ಪಟ್ಟಿಯಲ್ಲಿ ಒಂದನ್ನು ಉಳಿಸಿ ಉಳಿದವನ್ನು ತೆಗೆದುಹಾಕಲು ಯಾವ ಪರೀಕ್ಷೆ ಮಾಡಬೇಕೆಂಬ ಚರ್ಚೆ. ಒಂದು ಲಕ್ಷಣದಿಂದಲೇ ತೀರ್ಪು ಕೊಡಲಾಗದು. ದೊಡ್ಡರೋಗದಿಂದ ಸತ್ತ ದನದ ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಂಪು ಪಟ್ಟೆಗಳು ಸಾಲುಸಾಲಾಗಿ ಕಾಣುತ್ತಿದ್ದುವು. ಆದರೆ ಬೇರೆ ಕಾರಣದಿಂದ ಭೇದಿಯಾಗಿ ಬಹುವಾಗಿ ತಿಣುಕಿದ ದನದಲ್ಲಿಯೂ ಅಂತಹ ಪಟ್ಟೆಗಳು ಮೂಡಬಹುದು. ಆದ್ದರಿಂದ ಬಾಯಿಯ ಹುಣ್ಣು, ಮಂದೆಯಲ್ಲಿ ಹರಡಿದ ವೇಗ, ಪ್ರಯೋಗಶಾಲೆಯ ಪರೀಕ್ಷೆ ಇವೆಲ್ಲವನ್ನೂ ಕೂಡಿಸಿ ನೋಡಬೇಕಾಗಿತ್ತು. ಹೀಗೆ ಪ್ರತಿಯೊಂದು ಸಾವನ್ನೂ ಬಿಡದೆ ವಿಚಾರಿಸಿದುದರಿಂದಲೂ, ಲಸಿಕೆಯಿಂದಲೂ ದೊಡ್ಡರೋಗವು ಭಾರತದಲ್ಲಿ 1995ರ ಅನಂತರ ಕಾಣಿಸಿಕೊಳ್ಳಲಿಲ್ಲ. 2011ರಲ್ಲಿ ಅದು ಭೂಮಿಯ ಮೇಲಿಂದಲೇ ಅಳಿಯಿತೆಂದು ಘೋಷಿಸಿದರು. ಸಿಡುಬಿನ ತರುವಾಯ ಮನುಷ್ಯನು ಅಳಿಸಿದ ಎರಡನೆಯ ರೋಗ ಇದು.

ಸಾವಿನ ಮೇಲಣ ಬದಲಾವಣೆಗಳು

ಎಳೆಯ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ರೋಗದ್ದಲ್ಲ, ಕಾಲದ್ದು. ಪ್ರಾಣ ಹೋದ ಕೂಡಲೆ ದೇಹವು ಬದಲಾಗತೊಡಗುತ್ತದೆ. ಈ ಬದಲಾವಣೆಯನ್ನು ರೋಗವೆಂದು ಎಣಿಸಿದರೆ ಉತ್ತರವೆಲ್ಲ ತಪ್ಪುತ್ತದೆ.

ಒಂದು ದನ ಎಡಮಗ್ಗುಲಾಗಿ ಬಿದ್ದು ಸತ್ತಿತೆನ್ನೋಣ. ಹೃದಯ ನಿಂತ ಮೇಲೆ ರಕ್ತವು ಗುರುತ್ವಕ್ಕೆ ಅಧೀನವಾದ ಒಂದು ದ್ರವ ಮಾತ್ರ. ಅದು ಕೆಳಗಡೆಗೆ ಇಳಿದು ಎಡಗಡೆಯ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಕೆಲವು ಗಂಟೆಗಳ ಮೇಲೆ ದೇಹವನ್ನು ತೆರೆದರೆ ಬಲಗಡೆಯ ಶ್ವಾಸಕೋಶ ನಸುಗೆಂಪಾಗಿಯೂ ಎಡಗಡೆಯದು ಕಡುಗೆಂಪಾಗಿಯೂ ಕಾಣುತ್ತದೆ. ಇದು ಶ್ವಾಸಕೋಶದ ಉರಿಯೂತವೆ, ಅಥವಾ ಇಳಿದು ನಿಂತ ರಕ್ತವೆ?

ಇದನ್ನು ತೀರ್ಮಾನಿಸಲು ಆರ್ಕಿಮಿಡೀಸನ ಸಹಾಯವೇ ಸಾಕಾಗುತ್ತದೆ. ಗಾಳಿ ತುಂಬಿದ ಶ್ವಾಸಕೋಶದ ಸಾಂದ್ರತೆ ನೀರಿನದಕ್ಕಿಂತ ಬಹಳ ಕಡಮೆ. ಆದ್ದರಿಂದ ಅದರ ಒಂದು ತುಂಡನ್ನು ನೀರಿಗೆ ಹಾಕಿದರೆ ತೇಲುತ್ತದೆ. ಉರಿಯೂತದಲ್ಲಿ ಗಾಳಿಯ ಗೂಡುಗಳೊಳಗೆ ಕೀವು, ಜೀವಕೋಶಗಳು, ಗಟ್ಟಿಯಾದ ರಸ ತುಂಬಿ ಗಾಳಿಗೆ ಸ್ಥಳವೇ ಇರುವುದಿಲ್ಲ. ಆಗ ಆ ತುಂಡಿನ ಸಾಂದ್ರತೆ ನೀರಿನದನ್ನು ಮೀರಿ ಅದು ಮುಳುಗುತ್ತದೆ. ರಕ್ತ ಇಳಿದು ನಿಂತ ತುಂಡಿನಲ್ಲಿ ಗಾಳಿ ಇನ್ನೂ ಇರುವುದರಿಂದ ಅದು ಅರ್ಧ ಮುಳುಗಿಯಾದರೂ ಸಾಮಾನ್ಯವಾಗಿ ತೇಲುತ್ತದೆ. ಇದಲ್ಲದೆ, ಬದಲಾವಣೆಯ ಹಂಚಿಕೆಯನ್ನೂ ನೋಡಬೇಕು. ದನಗಳಲ್ಲಿ ಶ್ವಾಸನಾಳದ ಮೂಲಕ ಬಂದ ಉರಿಯೂತ ಸಾಮಾನ್ಯವಾಗಿ ಶ್ವಾಸಕೋಶದ ಮುಂಭಾಗದ ಕೆಳ ಅಂಚಿನಲ್ಲಿ, ಎರಡು ಕಡೆಯೂ ಇರುತ್ತದೆ. ಬಿದ್ದ ಮಗ್ಗುಲಿಗೆ ಮಾತ್ರ ಕಪ್ಪು ಕವಿದಿದ್ದರೆ ಅದು ಗುರುತ್ವದ ಕೆಲಸವೆಂದು ಸಂಶಯಪಡಬೇಕು.

ಇನ್ನು ಕೊಳೆಯುವಿಕೆ. ಜೀವಕೋಶಗಳ ಒಳಗಿನ ಕಿಣ್ವಗಳು ಸಾವಿನ ಮೇಲೆ ತಮ್ಮ ಮನೆಯನ್ನೇ ಕರಗಿಸುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಇಂತಹ ಕ್ರಿಯೆಗಳ ವೇಗ ಸುಮಾರು ಎರಡರಷ್ಟಾಗುತ್ತದೆಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ನಿಯಮ. 38 ಡಿಗ್ರಿಯಲ್ಲಿರುವ ದೇಹವನ್ನು 8 ಡಿಗ್ರಿಗೆ ತಂದರೆ ಕೊಳೆಯುವ ವೇಗ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ದನದ ದೇಹ ಬೇಗ ತಣಿಯುವುದಿಲ್ಲ. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು ಗಾತ್ರ. ಒಂದು ವಸ್ತುವಿನ ಉದ್ದವನ್ನು ಎರಡರಷ್ಟು ಮಾಡಿದರೆ ಅದರ ಮೈ ನಾಲ್ಕರಷ್ಟಾಗುತ್ತದೆ, ಘನಫಲ ಎಂಟರಷ್ಟಾಗುತ್ತದೆ. ಶಾಖವಿರುವುದು ಘನಫಲದಲ್ಲಿ, ಹೊರಹೋಗುವುದು ಮೈಯ ಮೂಲಕ. ಆದ್ದರಿಂದ ಇಲಿ ಬೇಗ ತಣ್ಣಗಾಗುತ್ತದೆ, ಎತ್ತು ನಿಧಾನವಾಗಿ. ಎರಡನೆಯದು ನ್ಯೂಟನ್ನನ ತಣಿಯುವ ನಿಯಮ. ತಣಿಯುವ ವೇಗ ವಸ್ತುವಿಗೂ ಸುತ್ತಲಿಗೂ ಇರುವ ಉಷ್ಣತೆಯ ಅಂತರವನ್ನು ಅನುಸರಿಸುತ್ತದೆ. ದನದ ಮೈ 38.5 ಡಿಗ್ರಿ, ಚಳಿಗಾಲದ ರಾತ್ರಿ ಹೊರಗೆ 15 ಡಿಗ್ರಿ ಇದ್ದರೆ ಅಂತರ 23.5, ಬೇಸಗೆಯ ಮಧ್ಯಾಹ್ನ 35 ಡಿಗ್ರಿ ಇದ್ದರೆ ಅಂತರ ಬರಿಯ 3.5. ಎಂದರೆ ಚಳಿಯ ರಾತ್ರಿ ಆರಂಭದಲ್ಲಿ ತಣಿಯುವ ವೇಗ ಆರು ಪಟ್ಟಿಗಿಂತಲೂ ಹೆಚ್ಚು. ಮೂರನೆಯದು, ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಮೇವು ಹುಳಿಯುವ ಕೆಲಸ ಸಾವಿನಿಂದ ನಿಲ್ಲುವುದಿಲ್ಲ; ಅಲ್ಲಿ ಶಾಖವೂ ಅನಿಲವೂ ಹುಟ್ಟುತ್ತಲೇ ಇರುತ್ತವೆ. ಸತ್ತ ಹಸುವಿನ ಹೊಟ್ಟೆ ಉಬ್ಬುವುದು ಇದರಿಂದಲೇ. ಅದನ್ನು ನೋಡಿ ಹೊಟ್ಟೆಯುಬ್ಬರದಿಂದಲೇ ಸತ್ತಿತೆನ್ನುವುದು ಆತುರದ ಮಾತು.

ಅಂಗಾಂಶದಿಂದ ಗಾಜಿನ ಫಲಕಕ್ಕೆ

ಬರಿಗಣ್ಣಿನ ಪರೀಕ್ಷೆ ಮುಗಿದ ಮೇಲೆ ಸೂಕ್ಷ್ಮದರ್ಶಕದ ಸರದಿ. ಇದಕ್ಕಾಗಿ ಅಂಗಾಂಶದ ಚಿಕ್ಕ ತುಂಡುಗಳನ್ನು, ಅವುಗಳ ಸುಮಾರು ಹತ್ತರಷ್ಟು ಘನಫಲದ ಫಾರ್ಮಲಿನ್ ದ್ರಾವಣದಲ್ಲಿ ಹಾಕಿಡುತ್ತಾರೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು, ಕೋಶಗಳನ್ನು ಇದ್ದ ಸ್ಥಿತಿಯಲ್ಲಿಯೇ ನಿಲ್ಲಿಸುತ್ತದೆ. ಹೊಸ ವಿದ್ಯಾರ್ಥಿ ಇಲ್ಲಿ ಒಂದು ತಪ್ಪು ಮಾಡುವುದುಂಟು: ದೊಡ್ಡ ತುಂಡಾದರೆ ಹೆಚ್ಚು ವಿಷಯ ಸಿಗುತ್ತದೆಂದು ಯಕೃತ್ತಿನ ಒಂದು ದಪ್ಪ ಗಡ್ಡೆಯನ್ನೇ ಸೀಸೆಗೆ ತುರುಕುತ್ತಾನೆ. ಫಲ ವಿಪರೀತವಾಗುತ್ತದೆ.

ದ್ರವವೊಂದು ಅಂಗಾಂಶದೊಳಗೆ ವಿಸರಣದಿಂದ ಮುಂದುವರಿಯುವ ದೂರ ಕಾಲಕ್ಕೆ ಅನುಗುಣವಾಗಿಲ್ಲ. ಕಾಲದ ವರ್ಗಮೂಲಕ್ಕೆ ಅನುಗುಣವಾಗಿದೆ. ಅಣುಗಳು ನೆಟ್ಟಗೆ ನಡೆಯುವುದಿಲ್ಲ, ಅತ್ತಿತ್ತ ಅಲೆದಾಡುತ್ತ ಹೋಗುತ್ತವೆ ಎಂಬುದೇ ಇದಕ್ಕೆ ಕಾರಣ. ಲೆಕ್ಕದ ಸೌಕರ್ಯಕ್ಕಾಗಿ ಮೊದಲ ಒಂದು ಗಂಟೆಯಲ್ಲಿ ಫಾರ್ಮಲಿನ್ 1 ಮಿಲಿಮೀಟರ್ ಒಳಹೋಗುತ್ತದೆನ್ನೋಣ. ನಿಜವಾದ ಬೆಲೆಯೂ ಇದರ ಹತ್ತಿರವೇ ಇದೆ. ಹಾಗಾದರೆ 2 ಮಿಲಿಮೀಟರಿಗೆ 4 ಗಂಟೆ, 3 ಮಿಲಿಮೀಟರಿಗೆ 9 ಗಂಟೆ, 5 ಮಿಲಿಮೀಟರಿಗೆ 25 ಗಂಟೆ ಬೇಕು. 1 ಸೆಂಟಿಮೀಟರ್ ದಪ್ಪದ ತುಂಡಿಗೆ ಎರಡು ಕಡೆಯಿಂದಲೂ ದ್ರವ ನುಗ್ಗುವುದರಿಂದ ಅದರ ನಡುವನ್ನು ಒಂದು ದಿನದಲ್ಲಿ ಮುಟ್ಟುತ್ತದೆ. 4 ಸೆಂಟಿಮೀಟರ್ ದಪ್ಪದ ಗಡ್ಡೆಯ ನಡುವು 20 ಮಿಲಿಮೀಟರ್ ಒಳಗಿದೆ. ಅದಕ್ಕೆ 400 ಗಂಟೆ, ಎಂದರೆ ಹದಿನಾರು ದಿನಗಳಿಗೂ ಮಿಗಿಲು. ದಪ್ಪ ನಾಲ್ಕರಷ್ಟಾದರೆ ಕಾಲ ಹದಿನಾರರಷ್ಟಾಯಿತು! ಅಷ್ಟರೊಳಗೆ ನಡುವಿನ ಭಾಗ ಕೊಳೆತು ಹೋಗಿರುತ್ತದೆ.

ಗಟ್ಟಿಯಾದ ತುಂಡನ್ನು ಮೇಣದಲ್ಲಿ ಹುದುಗಿಸಿ, ಸುಮಾರು 4 ಅಥವಾ 5 ಮೈಕ್ರಾನ್ ದಪ್ಪದ ಹಾಳೆಗಳಾಗಿ ಸೀಳುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇಷ್ಟು ತೆಳುವಾಗದಿದ್ದರೆ ಬೆಳಕು ಹಾಯುವುದಿಲ್ಲ. ಒಂದರ ಮೇಲೊಂದು ಕೋಶಗಳು ಬಿದ್ದು ಚಿತ್ರ ಕಲಸಿಹೋಗುತ್ತದೆ. ಆದರೆ ಇಂತಹ ಹಾಳೆ ಬಹುಮಟ್ಟಿಗೆ ಬಣ್ಣವಿಲ್ಲದ್ದು. ಅದಕ್ಕೆ ಎರಡು ಬಣ್ಣಗಳನ್ನು ಕೊಡುತ್ತಾರೆ. ಅಮೆರಿಕದ ಉಷ್ಣಪ್ರದೇಶದ ಒಂದು ಮರದ ಕೆಚ್ಚಿನಿಂದ ದೊರೆಯುವ ಹೆಮಟಾಕ್ಸಿಲಿನ್, ಲವಣದೊಡನೆ ಕೂಡಿ, ಕೋಶಕೇಂದ್ರದ ನ್ಯೂಕ್ಲಿಯಿಕ್ ಆಮ್ಲಕ್ಕೆ ಹಿಡಿದು ಅದನ್ನು ನೀಲಿನೇರಳೆ ಮಾಡುತ್ತದೆ. ಇಯೋಸಿನ್ ಎಂಬ ಆಮ್ಲಗುಣದ ಬಣ್ಣ ಉಳಿದ ಭಾಗದ ಪ್ರೋಟೀನುಗಳಿಗೆ ಗುಲಾಬಿಬಣ್ಣ ಕೊಡುತ್ತದೆ. ಆಮ್ಲವೂ ಪ್ರತ್ಯಾಮ್ಲವೂ ಒಂದನ್ನೊಂದು ಸೆಳೆಯುವ ಈ ಸರಳ ನಿಯಮವೇ ರೋಗಶಾಸ್ತ್ರಜ್ಞನ ಕಣ್ಣಿಗೆ ಕೋಶಗಳನ್ನು ಬೇರ್ಪಡಿಸಿ ತೋರಿಸುತ್ತದೆ.

ಕಾಣುವುದರ ಮಿತಿ

ಸೂಕ್ಷ್ಮದರ್ಶಕದ ಮಸೂರವನ್ನು ಎಷ್ಟು ಚೆನ್ನಾಗಿ ತಿಕ್ಕಿ ಮಾಡಿದರೂ ಅದಕ್ಕೊಂದು ಮೇರೆಯುಂಟೆಂದು ಜರ್ಮನಿಯ ಅರ್ನ್ಸ್ಟ್ ಆಬೆ ತೋರಿಸಿದನು. ಬೆಳಕು ಅಲೆಯಾದುದರಿಂದ, ಅದರ ಅಲೆಯುದ್ದದ ಅರ್ಧಕ್ಕಿಂತ ಬಹಳ ಹತ್ತಿರವಿರುವ ಎರಡು ಬಿಂದುಗಳು ಬೇರೆಬೇರೆಯಾಗಿ ಕಾಣಲಾರವು. ಹಸುರು ಬೆಳಕಿನ ಅಲೆಯುದ್ದ 0.55 ಮೈಕ್ರಾನ್. ಎಣ್ಣೆಯಲ್ಲಿ ಮುಳುಗಿಸಿ ನೋಡುವ ಒಳ್ಳೆಯ ಮಸೂರದಲ್ಲಿಯೂ ಈ ಮೇರೆ ಸುಮಾರು 0.26 ಮೈಕ್ರಾನ್. ದನದ ಕೆಂಪು ರಕ್ತಕಣ ಐದು ಮೈಕ್ರಾನಿಗಿಂತ ತುಸು ದೊಡ್ಡದು. ಅದು ಚೆನ್ನಾಗಿ ಕಾಣುತ್ತದೆ. ಬ್ಯಾಕ್ಟೀರಿಯಗಳೂ ಕಾಣುತ್ತವೆ. ಆದರೆ ಮಂಗನ ಕಾಯಿಲೆಯ ವೈರಸ್ಸಿನ ವ್ಯಾಸ ಸುಮಾರು 0.05 ಮೈಕ್ರಾನ್, ಈ ಮೇರೆಯ ಐದನೆಯ ಒಂದು ಪಾಲು ಮಾತ್ರ. ಅದನ್ನು ನೋಡಲು 1931ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. 50,000 ವೋಲ್ಟಿನಿಂದ ಓಡಿಸಿದ ಎಲೆಕ್ಟ್ರಾನಿನ ಅಲೆಯುದ್ದ ಹಸುರು ಬೆಳಕಿನದರ ಲಕ್ಷದಲ್ಲಿ ಒಂದು ಪಾಲಿನಷ್ಟು.

ಆದರೆ ವೈರಸ್ ಕಾಣದಿದ್ದರೂ ಅದರ ಹೆಜ್ಜೆಗುರುತು ಕಾಣಬಹುದು. ಹುಚ್ಚುನಾಯಿ ರೋಗದಿಂದ ಸತ್ತ ಪ್ರಾಣಿಯ ಮಿದುಳಿನ ಕೋಶಗಳಲ್ಲಿ ಇಟಲಿಯ ನೆಗ್ರಿ 1903ರಲ್ಲಿ ಕೆಲವು ಮೈಕ್ರಾನ್ ಅಳತೆಯ ಗುಂಡಾದ ಕಾಯಗಳನ್ನು ಕಂಡನು. ಬಹುಕಾಲ ಈ ನೆಗ್ರಿ ಕಾಯಗಳೇ ಆ ರೋಗದ ನಿರ್ಣಯಕ್ಕೆ ಆಧಾರವಾಗಿದ್ದುವು. ಇಲ್ಲಿ ತರ್ಕದ ಒಂದು ಸೂಕ್ಷ್ಮವಿದೆ. ಕಾಯಗಳು ಕಂಡರೆ ರೋಗ ಉಂಟೆನ್ನಬಹುದು; ಕಾಣದಿದ್ದರೆ ರೋಗ ಇಲ್ಲವೆನ್ನಲಾಗದು, ಏಕೆಂದರೆ ಈ ರೋಗದಿಂದಲೇ ಸತ್ತ ಹಲವು ಪ್ರಾಣಿಗಳಲ್ಲಿ ಅವು ಕಾಣುವುದಿಲ್ಲ. 'ಕಾಣಲಿಲ್ಲ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ಇರುವ ಅಂತರವನ್ನು ಮರೆತರೆ ಕಚ್ಚಿಸಿಕೊಂಡ ಮಗುವಿನ ಪ್ರಾಣಕ್ಕೇ ಅಪಾಯ.

ಆದ್ದರಿಂದ ಈಗ ಪ್ರತಿದೀಪ್ತಿಯ ಪರೀಕ್ಷೆಯನ್ನು ಬಳಸುತ್ತಾರೆ. ರೇಬೀಸ್ ವೈರಸ್ಸಿಗೆ ಮಾತ್ರ ಅಂಟುವ ಪ್ರತಿಕಾಯಕ್ಕೆ ಒಂದು ಬಣ್ಣವನ್ನು ಜೋಡಿಸಿ, ಮಿದುಳಿನ ಲೇಪದ ಮೇಲೆ ಹಾಕಿ, ತೊಳೆಯುತ್ತಾರೆ. ಸುಮಾರು 0.49 ಮೈಕ್ರಾನ್ ಅಲೆಯುದ್ದದ ನೀಲಿ ಬೆಳಕನ್ನು ಹೀರಿಕೊಂಡು ಆ ಬಣ್ಣ 0.52 ಮೈಕ್ರಾನಿನ ಹಸುರು ಬೆಳಕನ್ನು ಹೊರಸೂಸುತ್ತದೆ. ಹೀರಿದ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ಕಳೆಯುವುದರಿಂದ ಹೊರಬರುವ ಬೆಳಕಿನ ಅಲೆಯುದ್ದ ಹೆಚ್ಚು. ಇದನ್ನು ಸ್ಟೋಕ್ಸ್ 1852ರಲ್ಲಿಯೇ ವಿವರಿಸಿದ್ದನು. ನೀಲಿಯನ್ನು ತಡೆದು ಹಸುರನ್ನು ಮಾತ್ರ ಬಿಡುವ ಶೋಧಕವನ್ನಿಟ್ಟರೆ, ಕತ್ತಲೆಯ ಹಿನ್ನೆಲೆಯಲ್ಲಿ ವೈರಸ್ಸಿನ ನೆಲೆಗಳು ನಕ್ಷತ್ರಗಳಂತೆ ಹೊಳೆಯುತ್ತವೆ. ಈ ಪರೀಕ್ಷೆಗೆ ಹೆಬ್ಬಾಳದ ಪಶುವೈದ್ಯ ಕಾಲೇಜಿನ ರೇಬೀಸ್ ಪ್ರಯೋಗಶಾಲೆ ಹೆಸರಾದುದು. ಇಷ್ಟಾದರೂ ಕಚ್ಚಿಸಿಕೊಂಡವರು ಪರೀಕ್ಷೆಯ ಫಲಕ್ಕಾಗಿ ಕಾಯಬಾರದು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಕಾಲು ಗಂಟೆ ತೊಳೆದು, ಆ ದಿನವೇ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು.

ಕ್ಯಾಸನೂರಿನ ಮಂಗಗಳು

ರೋಗಶಾಸ್ತ್ರದ ವಿದ್ಯಾರ್ಥಿಗಳಿಗೆ ನಮ್ಮ ನಾಡು ಒದಗಿಸಿರುವ ಅತ್ಯಂತ ದೊಡ್ಡ ಪಾಠ ಶಿವಮೊಗ್ಗ ಜಿಲ್ಲೆಯದು. 1957ರ ಆರಂಭದಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದ ಅಂಚಿನ ಹಳ್ಳಿಗಳಲ್ಲಿ ಜನರಿಗೆ ತೀವ್ರವಾದ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ರಕ್ತಸ್ರಾವ, ಸಾವು. ಅದೇ ಕಾಲದಲ್ಲಿ ಕಾಡಿನಲ್ಲಿ ಮುಸುವಗಳೂ ಕೆಂಪುಮೂತಿಯ ಕೋತಿಗಳೂ ಸತ್ತು ಬೀಳುತ್ತಿದ್ದುವು. ಜನರ ಕಾಯಿಲೆಯನ್ನು ಮೊದಲು ವಿಷಮಶೀತಜ್ವರದ ಬಗೆಯೆಂದು ಎಣಿಸಿದರು. ಆದರೆ ಮಂಗ ಸತ್ತದ್ದೇಕೆ?

ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಬಂದರು. ಅವರಿಗಾದ ಮೊದಲನೆಯ ಸಂಶಯ ಭಯಂಕರವಾದುದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಲಾಗಿ ಸತ್ತರೆ ಹಿಂದೆಯೇ ಮನುಷ್ಯರಿಗೆ ಪೀತಜ್ವರ ಬರುತ್ತದೆ. ಭಾರತದಲ್ಲಿ ಆ ರೋಗ ಇರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಊರೂರಿನಲ್ಲಿಯೂ ಇತ್ತು. ಪೀತಜ್ವರವೇ ಆಗಿದ್ದರೆ ಇಡೀ ದೇಶಕ್ಕೆ ವಿಪತ್ತು.

ಅವರು ಹೆಸರಿಗೆ ಅಂಟಿಕೊಳ್ಳಲಿಲ್ಲ. ಸತ್ತ ಮಂಗಗಳ ಅಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ಸನ್ನು ಬೇರ್ಪಡಿಸಿ, ಗೊತ್ತಿದ್ದ ವೈರಸ್ಸುಗಳೊಡನೆ ಹೋಲಿಸಿದರು. ಅದು ಪೀತಜ್ವರದ್ದಲ್ಲ, ಎಲ್ಲಿಯೋ ದೂರದ ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ನಂಟು. ಆದರೂ ಅದೇ ಅಲ್ಲ, ಜಗತ್ತಿಗೆ ಹೊಸದು. ಸೊಳ್ಳೆಯ ಬದಲು ಉಣ್ಣೆಗಳನ್ನು ಹುಡುಕತೊಡಗಿದರು. ಹೀಮಫೈಸಾಲಿಸ್ ಸ್ಪಿನಿಗೆರ ಎಂಬ ಕಾಡಿನ ಉಣ್ಣೆ ಮುಖ್ಯ ವಾಹಕವೆಂದು ಗೊತ್ತಾಯಿತು. ಹೀಗೆ ಕ್ಯಾಸನೂರಿನ ಹೆಸರು ವೈದ್ಯಗ್ರಂಥಗಳನ್ನು ಸೇರಿತು. ನಾವು ಅದನ್ನು ಮಂಗನ ಕಾಯಿಲೆಯೆನ್ನುತ್ತೇವೆ. ವಾಸ್ತವವಾಗಿ ಮಂಗವೂ ಮನುಷ್ಯನಂತೆ ಅದರ ಬಲಿಯೇ. ಆದರೆ ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ತಣ್ಣಗಾದ ದೇಹವನ್ನು ಬಿಟ್ಟು ಸುತ್ತಲೂ ಹರಡುವುದರಿಂದ, ಸತ್ತ ಮಂಗ ಬಿದ್ದ ಸ್ಥಳವೇ ಅಪಾಯದ ಕೇಂದ್ರವಾಗುತ್ತದೆ.

ಈ ಕಾಯಿಲೆ ಬಹುಕಾಲ ಮಲೆನಾಡಿನದೆಂದೇ ಎಣಿಕೆಯಲ್ಲಿತ್ತು. 2012ರ ಕೊನೆಯಲ್ಲಿ ಅದು ಮೈಸೂರಿನಿಂದ ಎರಡು ಗಂಟೆಗಳ ಪ್ರಯಾಣದಷ್ಟು ದೂರದ ಬಂಡೀಪುರದಲ್ಲಿಯೂ ಕಾಣಿಸಿಕೊಂಡಿತು. ಅಲ್ಲಿ ಸತ್ತ ಮತ್ತು ಕಾಯಿಲೆಯ ಮಂಗಗಳನ್ನು ನಿರ್ವಹಿಸಿ ಸುಟ್ಟ ಕೆಲಸದಲ್ಲಿದ್ದ ಆರು ಮಂದಿಗೆ ರೋಗ ತಗಲಿತು. ಸಾಕ್ಷ್ಯವನ್ನು ಸಂಗ್ರಹಿಸುವ ಕೈಯೇ ರೋಗಕ್ಕೆ ತುತ್ತಾಗಬಹುದೆಂಬುದಕ್ಕೆ ಇದಕ್ಕಿಂತ ಕಠಿನವಾದ ನಿದರ್ಶನ ಬೇಕಿಲ್ಲ.

ತೆರೆಯಬೇಕೆ, ಬಿಡಬೇಕೆ?

ಆದುದರಿಂದ ಒಳ್ಳೆಯ ರೋಗಶಾಸ್ತ್ರಜ್ಞನು ಕತ್ತಿಯನ್ನು ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾನೆ: ಈ ದೇಹವನ್ನು ತೆರೆಯಬಹುದೆ? ನೆರಡಿ ರೋಗ ಇದಕ್ಕೆ ಪ್ರಮಾಣಭೂತವಾದ ಉದಾಹರಣೆ. ನೆನ್ನೆ ಮೇಯುತ್ತಿದ್ದ ದನ ಇಂದು ಬೆಳಿಗ್ಗೆ ಸತ್ತು ಬಿದ್ದಿದೆ, ಬೇಗನೆ ಉಬ್ಬಿದೆ, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದೆ. ಇಂತಹ ದೇಹವನ್ನು ತೆರೆಯಲೇಬಾರದು.

ಕಾರಣವನ್ನು ತಿಳಿದರೆ ನಿಯಮ ಮನಸ್ಸಿನಲ್ಲಿ ನಿಲ್ಲುತ್ತದೆ. ಈ ರೋಗದ ಬ್ಯಾಕ್ಟೀರಿಯ ಮುಚ್ಚಿದ ದೇಹದೊಳಗೆ ಬೀಜಕಣಗಳನ್ನು ಕಟ್ಟಲಾರದು. ಅದಕ್ಕೆ ಆಮ್ಲಜನಕ ಬೇಕು. ದೇಹ ಮುಚ್ಚಿಯೇ ಇದ್ದರೆ, ಕೊಳೆಯಿಸುವ ಇತರ ಬ್ಯಾಕ್ಟೀರಿಯಗಳ ನಡುವೆ ಅದು ಕೆಲವು ದಿನಗಳಲ್ಲಿ ನಾಶವಾಗುತ್ತದೆ. ತೆರೆದರೆ ರಕ್ತಕ್ಕೆ ಗಾಳಿ ತಗಲಿ ಬೀಜಕಣಗಳು ಹುಟ್ಟುತ್ತವೆ. ಅವು ಮಣ್ಣಿನಲ್ಲಿ ಹತ್ತಾರು ವರ್ಷ ಬಾಳುತ್ತವೆ. ಒಬ್ಬನ ಕುತೂಹಲದಿಂದ ಒಂದು ಹುಲ್ಲುಗಾವಲು ಮಕ್ಕಳ ಕಾಲದವರೆಗೂ ವಿಷವಾಗಬಹುದು. ಚರ್ಮದ ಆಸೆಗಾಗಲಿ ಮಾಂಸದ ಆಸೆಗಾಗಲಿ ಇಂತಹ ದನವನ್ನು ಕೊಯ್ದವರಿಗೆ ರೋಗ ತಗಲುತ್ತದೆ. ಪಶುವೈದ್ಯನು ಇಲ್ಲಿ ಮಾಡುವುದು ಇಷ್ಟೆ: ರಕ್ಷಣೆಯ ಉಡುಪಿನಲ್ಲಿ, ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆದು, ಮೆಥಿಲೀನ್ ನೀಲಿಯ ವಿಶೇಷ ಬಣ್ಣ ಕೊಟ್ಟು ನೋಡುವುದು. ನೀಲಿಯ ಚೌಕದ ತುದಿಯ ಕಡ್ಡಿಗಳು, ಅವುಗಳ ಸುತ್ತ ಗುಲಾಬಿಯ ಕವಚ ಕಂಡರೆ ನಿರ್ಣಯ ಮುಗಿಯಿತು. ಆಮೇಲೆ ದೇಹವನ್ನು ಆಳವಾಗಿ ಹೂಳಬೇಕು, ಇಲ್ಲವೆ ಪೂರ್ತಿಯಾಗಿ ಸುಡಬೇಕು.

ನಮ್ಮ ವಿದ್ಯಾರ್ಥಿಗಳು ಏನು ಮಾಡಬಹುದು?

ಪ್ರೌಢಶಾಲೆಯ ಮತ್ತು ಕಾಲೇಜಿನ ವಿಜ್ಞಾನ ಸಂಘಗಳು ಸತ್ತ ಪ್ರಾಣಿಗಳನ್ನು ಮುಟ್ಟಬೇಕಾಗಿಲ್ಲ; ಮುಟ್ಟಲೂಬಾರದು. ಸತ್ತ ಮಂಗವನ್ನೋ, ಗುಂಪಾಗಿ ಸತ್ತ ಹಕ್ಕಿಗಳನ್ನೋ ಕಂಡರೆ ದೂರ ನಿಂತು, ಸ್ಥಳವನ್ನೂ ವೇಳೆಯನ್ನೂ ಸಂಖ್ಯೆಯನ್ನೂ ಬರೆದುಕೊಂಡು, ಹತ್ತಿರದ ಪಶುವೈದ್ಯ ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ಕೂಡಲೆ ತಿಳಿಸಬೇಕು. ಇದೇ ಒಂದು ದೊಡ್ಡ ಕೆಲಸ. ಕ್ಯಾಸನೂರಿನಲ್ಲಿ ಮೊದಲ ಸುದ್ದಿಯನ್ನು ಕೊಟ್ಟದ್ದು ಪ್ರಯೋಗಶಾಲೆಯಲ್ಲ, ಕಾಡಿನಲ್ಲಿ ಸತ್ತ ಮಂಗವನ್ನು ಗಮನಿಸಿದ ಕಣ್ಣು.

ರೋಗಶಾಸ್ತ್ರದ ಶಿಸ್ತನ್ನು ಅಭ್ಯಾಸ ಮಾಡಲು ಬೇರೆ ದಾರಿಗಳಿವೆ. ಎರಡನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದು: ಶಾಲೆಯ ತೋಟದಿಂದಲೋ ವಿಜಯನಗರದ ಯಾವುದಾದರೊಂದು ಉದ್ಯಾನದಲ್ಲಿ ಉದುರಿದ ರಾಶಿಯಿಂದಲೋ ಚುಕ್ಕೆರೋಗ ತಗಲಿದ ಹತ್ತು ಎಲೆಗಳನ್ನು ಆರಿಸಿ ತನ್ನಿ. ಪ್ರತಿಯೊಬ್ಬನೂ ಒಂದು ಎಲೆಯನ್ನು ರೋಗದ ಹೆಸರು ಹೇಳದೆ ಐದು ಸಾಲುಗಳಲ್ಲಿ ವರ್ಣಿಸಲಿ: ಚುಕ್ಕೆಗಳ ಸಂಖ್ಯೆ, ಮಿಲಿಮೀಟರಿನಲ್ಲಿ ವ್ಯಾಸ, ನಡುವಿನ ಬಣ್ಣ, ಅಂಚಿನ ಬಣ್ಣ, ನರಗಳಿಗೂ ಅವಕ್ಕೂ ಇರುವ ಸಂಬಂಧ. ಎಲೆಗಳನ್ನು ಬೆರೆಸಿ, ವರ್ಣನೆಯನ್ನು ಇನ್ನೊಬ್ಬನ ಕೈಗೆ ಕೊಡಿ. ಅದನ್ನು ಓದಿ ಆತನು ಸರಿಯಾದ ಎಲೆಯನ್ನು ಹುಡುಕ

ಬಲ್ಲನಾದರೆ ವರ್ಣನೆ ಗೆದ್ದಿತು. ಹುಡುಕಲಾರದಿದ್ದರೆ ಇಬ್ಬರೂ ಕೂಡಿ ಯಾವ ಮಾತು ಸಾಲದಾಯಿತೆಂದು ನೋಡಿ.

ಎರಡನೆಯದು: ಅಗರ್ ಪುಡಿಯಿಂದ ಬಣ್ಣವಿಲ್ಲದ ಗಟ್ಟಿ ಜೆಲ್ಲಿಯನ್ನು ಮಾಡಿ, 4 ಸೆಂಟಿಮೀಟರಿನ ಘನಗಳಾಗಿ ಕತ್ತರಿಸಿ, ಪೊಟ್ಯಾಸಿಯಂ ಪರ್ಮಾಂಗನೇಟಿನ ದ್ರಾವಣದಲ್ಲಿ ಮುಳುಗಿಸಿ. 1, 4, 9 ಗಂಟೆಗಳ ಕೊನೆಗೆ ಒಂದೊಂದು ಘನವನ್ನು ತೆಗೆದು, ನಡುವೆ ಸೀಳಿ, ಬಣ್ಣ ಒಳಹೊಕ್ಕಿರುವ ಆಳವನ್ನು ಅಳೆಯಿರಿ. ಆಳಗಳು 1, 2, 3 ಎಂಬ ಅನುಪಾತದ ಹತ್ತಿರ ಬರುತ್ತವೆಯೆ? ಬರದಿದ್ದರೆ, ಅಳತೆಯನ್ನು ತಿದ್ದಬೇಡಿ. ಬರದಿರುವ ಕಾರಣವನ್ನು ಹುಡುಕಿ. ದ್ರಾವಣ ತೆಳುವಾಯಿತೆ? ಘನಗಳು ಒಂದಕ್ಕೊಂದು ಅಂಟಿಕೊಂಡಿದ್ದುವೆ? ಬಣ್ಣದ ಅಂಚನ್ನು ಇಬ್ಬರು ಬೇರೆಬೇರೆ ಕಡೆ ಗುರುತಿಸಿದರೆ? ಕಂಡದ್ದನ್ನು ಕಂಡಂತೆ ಬರೆದಿಟ್ಟ ಆ ಪುಟವೇ ಮುಂದಿನ ಸಭೆಯ ಚರ್ಚೆಗೆ ವಿಷಯವಾಗಲಿ.